ಬಿಸಿಲಿನ ಕಡೆ, ನೀರಿನ ಬದಿ

ಆಷಾಢದ ಬೆಳಿಗ್ಗೆ ಶಿರಾಡಿ ಘಾಟಿ ಹತ್ತಿ ಹಾಸನದ ಕಡೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ಈ ಸೀಮೆಯ ಭೂಗೋಳ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಮಾರನಹಳ್ಳಿಯಲ್ಲಿ ಮಳೆ ಎಂದರೆ ಗಾಜಿನಾಚೆ ಏನೂ ಕಾಣದ ಮಳೆ. ದೋಣಿಗಾಲ್ ಬರುವಾಗ ಗುಡ್ಡದ ಅಂಚು ಒಂದಿಷ್ಟು ಮೂಡುತ್ತದೆ. ಸಕಲೇಶಪುರದ ನಿಲ್ದಾಣದಲ್ಲಿ ಛತ್ರಿ ಬಿಚ್ಚಿದವರೂ ಮಡಚಿಕೊಂಡವರೂ ಒಟ್ಟಿಗೆ ನಿಂತಿರುತ್ತಾರೆ. ಬಾಳ್ಳುಪೇಟೆಯಲ್ಲಿ ಬರೀ ಜಿಟಿಜಿಟಿ. ಆಲೂರು ತಾಲ್ಲೂಕಿನೊಳಗೆ ಇನ್ನಷ್ಟು ಮುಂದೆ ಬಂದರೆ ರಸ್ತೆ ಒಣಗಿರುತ್ತದೆ, ಮುಸುಕಿನ ಜೋಳದ ಹೊಲದ ಮೇಲೆ ಎಳೆಬಿಸಿಲು ಬಿದ್ದಿರುತ್ತದೆ. ಒಂದು ಗಂಟೆಯ ದಾರಿ. ಅಷ್ಟರಲ್ಲಿ ಮಲೆನಾಡು ಮುಗಿದು, ಅರೆಮಲೆನಾಡು ಕಳೆದು, ಬಯಲುಸೀಮೆಯ ಬಾಗಿಲು ಬಂದಿರುತ್ತದೆ.

ಈ ಬಾಗಿಲ ಬಳಿ ಮನೆ ಮಾಡಬೇಕೆಂದು ಬೆಂಗಳೂರಿನಿಂದ ಬರುವವರು ಈಗ ಹೆಚ್ಚಾಗಿದ್ದಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಬರುವವರ ಬೇಡಿಕೆ ಸಾಮಾನ್ಯವಾಗಿ ಒಂದೇ: ಬೆಟ್ಟ ಇರಲಿ, ಆದರೆ ಅತಿಯಾದ ಮಳೆ ಬೇಡ, ಬಿಸಿಲು ಬರಲಿ, ಜಗಲಿಯಲ್ಲಿ ಕೂತರೆ ನೀರು ಕಾಣಲಿ. ಲೋಕದ ಬೇರೆ ಕಡೆಗಳಲ್ಲಿ ಇಂಥ ಆಸೆ ಹೊತ್ತವರು ಮರುಭೂಮಿಯಲ್ಲಿ ಅಣೆಕಟ್ಟಿನ ನೀರಿನ ಸುತ್ತ ಎದ್ದ ಪಟ್ಟಣಗಳಿಗೆ ಹೋಗುತ್ತಾರೆ. ಅಮೆರಿಕದ ಅರಿಜೋನದಲ್ಲಿ ಕೊಲರಾಡೊ ನದಿಗೆ ಪಾರ್ಕರ್ ಅಣೆ ಕಟ್ಟಿದ್ದರಿಂದ ಹುಟ್ಟಿದ ಹವಾಸು ಸರೋವರದ ದಡದಲ್ಲಿ 1960ರ ದಶಕದಲ್ಲಿ ಒಂದು ಊರನ್ನೇ ಹೊಸದಾಗಿ ಕಟ್ಟಿದರು. ಜನರನ್ನು ಸೆಳೆಯಲೆಂದು ಲಂಡನ್ನಿನ ಹಳೆಯ ಸೇತುವೆಯ ಕಲ್ಲು ತಂದು ಅಲ್ಲಿ ಜೋಡಿಸಿದರು. ನಮ್ಮ ಕಡೆ ಮರುಭೂಮಿಯಿಲ್ಲ. ಅಣೆಕಟ್ಟಿನ ನೀರು ಮಾತ್ರ ಇದೆ, ಬಿಸಿಲಿನ ಕಡೆಯೇ ಇದೆ. ಗೊರೂರಿನ ಹೇಮಾವತಿ ಹಿನ್ನೀರು ಅದು. ಆ ನೀರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಜಮೀನು ತೋರಿಸುವವರು ಹೇಳುವುದು ಕಡಿಮೆ. ಹಾಗಾಗಿ ಈ ಸೀಮೆಯ ಪರಿಚಯವನ್ನು ಮಳೆಯಿಂದ ಶುರುಮಾಡಿ ನೀರಿಗೆ ಬರುವುದೇ ಸರಿ.

ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಗೋಡೆ ದಾಟಿ ಪೂರ್ವಕ್ಕೆ ಇಳಿದಷ್ಟೂ ಅದರ ಮಡಿಲು ಬರಿದಾಗುತ್ತದೆ. ಟೀ ತೋಟದ ಕಾಡುಮನೆ, ಬಿಸಿಲೆ, ಮಾರನಹಳ್ಳಿಯಂಥ ಅಂಚಿನ ಊರುಗಳು ವರ್ಷಕ್ಕೆ ನೂರು ಇಂಚನ್ನು ಸುಲಭವಾಗಿ ದಾಟುತ್ತವೆ. ಹಾಸನ ಪಟ್ಟಣಕ್ಕೆ ಅದರ ಅರ್ಧವೂ ಬೀಳುವುದಿಲ್ಲ. ಹೆಸರಿನಲ್ಲೇ ಬಿಸಿಲಿರುವ ಬಿಸಿಲೆಯ ಕಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಒಂದು ಪುಟ್ಟ ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಹನಿ ನೇತ್ರಾವತಿಯ ಕಡೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿ ಎಂದು ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಕಲೇಶಪುರಕ್ಕೆ ಬಂದವರು ನೋಡಲೇಬೇಕಾದ ಒಂದೇ ಜಾಗ ಹೇಳಿ ಎಂದರೆ ನಾನು ಈ ಕಲ್ಲನ್ನು ಹೇಳುತ್ತೇನೆ.

ಇಲ್ಲಿನವರು ಮಳೆಯನ್ನು ಹೊಗಳುವುದಿಲ್ಲ, ಬೈಯುವುದೂ ಇಲ್ಲ, ಅಳೆಯುತ್ತಾರೆ. ತೋಟದ ಮನೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಡೈರಿಯಲ್ಲಿ ಬರೆದಿಡುವ ಮನೆಗಳು ಹಲವು. ಕೆಲವು ಕಡೆ ಅಜ್ಜನ ಕಾಲದ ಡೈರಿಗಳೂ ಇವೆ. ದೇಶಕ್ಕೆ ಮೆಟ್ರಿಕ್ ಬಂದು ಆರು ದಶಕ ಕಳೆದರೂ ಲೆಕ್ಕ ಇನ್ನೂ ಇಂಚು ಮತ್ತು ಸೆಂಟಿನಲ್ಲೇ. ‘ಏನ್ ಗೌಡ್ರೇ, ರಾತ್ರಿ ಎಷ್ಟಾಯ್ತು?’ ಎಂದರೆ ‘ಮೂರೂ ಇಪ್ಪತ್ತು’ ಎಂದು ಉತ್ತರ. ಮೂರು ಇಂಚು ಇಪ್ಪತ್ತು ಸೆಂಟು. ಎರಡು ಮೈಲಿ ಪಕ್ಕದ ತೋಟದಲ್ಲಿ ಒಂದೂವರೆ ಮಾತ್ರ ಆಗಿರುತ್ತದೆ. ಒಂದೇ ಹೋಬಳಿಯಲ್ಲಿ ಇಷ್ಟು ಹೆಚ್ಚುಕಡಿಮೆ ಇರುವುದರಿಂದಲೇ ಇಲ್ಲಿ ಜಾಗದ ಗುಣವನ್ನು ಊರಿನ ಹೆಸರಿನಿಂದ ತೂಗುವುದಿಲ್ಲ. ಗುಡ್ಡದ ಯಾವ ಮೈ, ಯಾವ ಮುಖ ಎಂದು ಕೇಳುತ್ತಾರೆ.

ಮಳೆಯಷ್ಟೇ ಬಿಸಿಲಿಗೂ ಲೆಕ್ಕವಿದೆ. ಕಾಫಿ ಬೆಳೆದವರನ್ನು ಕೇಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಮೊಗ್ಗು ಒಣಬಿಸಿಲಿನಲ್ಲಿ ತಾಳಿಕೊಂಡು ನಿಂತಿರಬೇಕು. ಆಮೇಲೆ ಒಂದು ಹದವಾದ ಹೂಮಳೆ ಬೀಳಬೇಕು. ಬಿದ್ದ ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಹತ್ತಿರದ ಘಮ. ಸಾಲದ ಮಳೆ ಬಿದ್ದರೆ ಮೊಗ್ಗು ಅರೆಬರೆ ಬಿಚ್ಚಿ ಕೆಡುತ್ತದೆ. ಹೂ ಅರಳಿದ ದಿನವೇ ಸುರಿದರೆ ಕಾಯಿ ಕಚ್ಚುವುದಿಲ್ಲ. ಇನ್ನು ನವೆಂಬರ್‌ನಿಂದ ಕೊಯ್ಲು. ಹಣ್ಣು ಕಣಕ್ಕೆ ಬಂದ ಮೇಲೆ ಬೇಕಾದದ್ದು ಬಿಸಿಲು, ಬರೀ ಬಿಸಿಲು. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದರೆ ಇಲ್ಲಿ ಕಣದ ಮೇಲೆ ಟಾರ್ಪಾಲು ಎಳೆಯಲು ನಡುರಾತ್ರಿಯಲ್ಲಿ ಓಡಬೇಕು. ಒಣಗದ ಕಾಫಿಗೆ ಬೂಸ್ಟು ಹತ್ತುತ್ತದೆ, ವರ್ಷದ ದುಡಿಮೆಯ ಬೆಲೆ ಇಳಿಯುತ್ತದೆ.

ಅದೇ ಬಿಸಿಲು ಗಿಡದ ಕಾಂಡಕ್ಕೆ ನೇರ ಬಿದ್ದರೆ ಕೇಡು. ಅರೇಬಿಕಾದ ದೊಡ್ಡ ಶತ್ರುವಾದ ಬಿಳಿ ಕಾಂಡಕೊರಕ ದುಂಬಿ ಮೊಟ್ಟೆಯಿಡಲು ಹುಡುಕುವುದು ಬಿಸಿಲಿಗೆ ಕಾದ ಕಾಂಡವನ್ನು. ಹಿಂದೆ ಇಲ್ಲಿಗೆ ವಲಸೆ ಬಂದವರೂ ಇದನ್ನು ಕಷ್ಟಪಟ್ಟೇ ಕಲಿತರು. ಆಗ ಮಂಜರಾಬಾದ್ ಎಂದು ಕರೆಯುತ್ತಿದ್ದ ಸಕಲೇಶಪುರ ತಾಲ್ಲೂಕಿಗೆ 1850ರ ದಶಕದಲ್ಲಿ ಬಂದು ಕಾಫಿ ಹಾಕಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಪ್ಲಾಂಟರ್, 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ನೆರಳಿನ ಮರಗಳ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾನೆ. ಇಂದಿಗೂ ಇಲ್ಲಿನ ತೋಟಗಳು ದೂರದಿಂದ ಕಾಡಿನಂತೆ ಕಾಣುವುದು ಇದರಿಂದಲೇ. ಮುಂಗಾರಿಗೆ ಮೊದಲು ಮರದ ಕೊಂಬೆ ಸವರಿ ಬೆಳಕು ಬಿಡುತ್ತಾರೆ, ಬೇಸಿಗೆಗೆ ಮತ್ತೆ ಚಿಗುರಿ ನೆರಳು ಮುಚ್ಚಿಕೊಳ್ಳುತ್ತದೆ. ಮರಗಸಿ ಮಾಡುವವನ ಕೈಯಲ್ಲಿರುವುದು ಕತ್ತಿ, ಅವನು ಹದ ಮಾಡುವುದು ಬಿಸಿಲನ್ನು. ಹೊಸದಾಗಿ ಜಮೀನು ಕೊಂಡು, ನೋಟ ತೆರೆಯಲೆಂದು ಮರ ಉರುಳಿಸುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಆ ಮರದ ಬುಡದಲ್ಲಿ ಮೂರು ತಲೆಮಾರಿನ ಲೆಕ್ಕಾಚಾರವಿರುತ್ತದೆ.

ಈಗ ನೀರಿಗೆ ಬರೋಣ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ತಪ್ಪಲಲ್ಲಿ. ಸಕಲೇಶಪುರದ ಸಕಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಹರಿದು, ಆಲೂರಿನ ದಿಕ್ಕಿಗೆ ಇಳಿದು, ಗೊರೂರಿನ ಹತ್ತಿರ ಯಗಚಿಯನ್ನು ಕೂಡಿಕೊಳ್ಳುತ್ತದೆ. ಅಲ್ಲೇ ಅಣೆಕಟ್ಟು. 1979ರಲ್ಲಿ ಮುಗಿದ ಈ ಜಲಾಶಯದ ಪೂರ್ಣ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಇಲ್ಲಿಂದ ಕಾಲುವೆ ಹೋಗಿದೆ. ಬಯಲಿನಲ್ಲಿ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ನೀರು ಇದು. ಅದನ್ನು ಮರೆತು ಮಾತಾಡಿದರೆ ಅನ್ಯಾಯ.

ಆದರೆ ನೀರು ನಿಂತ ಜಾಗದಲ್ಲಿ ಊರುಗಳಿದ್ದವು. ಗದ್ದೆ, ಕೆರೆ, ಗುಡಿ, ಸ್ಮಶಾನ, ಸಂತೆಮಾಳ ಎಲ್ಲವೂ. ಮನೆ ಬಿಟ್ಟವರಿಗೆ ಬೇರೆ ಕಡೆ ಜಮೀನು ಕೊಡುವುದೆಂದು ತೀರ್ಮಾನವಾಯಿತು. ‘ಎಚ್‌ಆರ್‌ಪಿ ಜಮೀನು’ ಎಂದು ಜಿಲ್ಲೆಯಲ್ಲಿ ಇಂದಿಗೂ ಹೇಳುವುದು ಇದನ್ನೇ, ಹೇಮಾವತಿ ಜಲಾಶಯ ಯೋಜನೆಯ ನಿರಾಶ್ರಿತರಿಗೆ ಮೀಸಲಿಟ್ಟ ಭೂಮಿಯನ್ನು. ಸಕಲೇಶಪುರ, ಆಲೂರಿನ ಗುಡ್ಡದ ಬದಿಗಳಲ್ಲೂ ಇಂಥ ಭೂಮಿ ಗುರುತಾಯಿತು. ಬಯಲಿನ ಹೊಳೆಬದಿಯಲ್ಲಿ ಗದ್ದೆ ಉತ್ತವರಿಗೆ ಕಲ್ಲುಗುಡ್ಡ, ಮಳೆಕಾಡು ಹೊಸತು. ಕೆಲವರು ಹೋಗಿ ನೆಲೆ ನಿಂತರು, ಕೆಲವರು ಹೋಗಲೇ ಇಲ್ಲ, ಕೆಲವರ ಕಾಗದ ಕಚೇರಿಯಿಂದ ಕಚೇರಿಗೆ ದಶಕಗಟ್ಟಲೆ ಅಲೆಯಿತು. ಸಂತ್ರಸ್ತರ ಹೆಸರಿನಲ್ಲಿ ಬೇರೆಯವರು ಭೂಮಿ ಹೊಡೆದ ದೂರುಗಳು ತನಿಖೆಗೂ ಹೋದವು. ಹಾಗಾಗಿ ಈ ಭಾಗದಲ್ಲಿ ಜಮೀನು ಕೊಳ್ಳುವವರಿಗೆ ಊರಿನ ಹಿರಿಯರು ಹೇಳುವ ಮೊದಲ ಮಾತು ‘ಮೂಲ ಮಂಜೂರಾತಿ ಯಾರ ಹೆಸರಿಗೆ ಆಗಿದೆ ನೋಡ್ಕೊಳಿ’ ಎಂಬುದು.

ಮುಳುಗಿದ ಊರುಗಳಲ್ಲಿ ಶೆಟ್ಟಿಹಳ್ಳಿಯ ಗುರುತು ಕಣ್ಣಿಗೆ ಕಾಣುವಂತೆ ಉಳಿದಿದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಅಲ್ಲಿ ಕಟ್ಟಿದ ರೋಸರಿ ಚರ್ಚು ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಲ್ಲುತ್ತದೆ. ಚಾವಣಿ ಹೋಗಿದೆ. ಪ್ರತಿ ಸಲ ನೀರು ಏರಿ ಇಳಿದಾಗ ಗೋಡೆ ಒಂದಿಷ್ಟು ಕರಗುತ್ತದೆ. ವಾರಾಂತ್ಯದಲ್ಲಿ ಅಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಸಾಲು. ಅವರನ್ನು ದೂರುವುದಕ್ಕಿಲ್ಲ, ಜಾಗ ಚೆಂದವಿದೆ. ಆದರೆ ಅದು ಒಂದು ಊರಿನ ಜನ ಭಾನುವಾರ ಪ್ರಾರ್ಥನೆಗೆ ಸೇರುತ್ತಿದ್ದ ಮನೆ. ಮಕ್ಕಳಿಗೆ ಅಲ್ಲೇ ಜ್ಞಾನಸ್ನಾನವಾಗುತ್ತಿತ್ತು, ಸತ್ತವರಿಗೆ ಅಲ್ಲೇ ಗಂಟೆ ಬಾರಿಸುತ್ತಿದ್ದರು. ಅಲ್ಲಿಂದ ಎದ್ದವರು ಕಟ್ಟಿಕೊಂಡ ಮರಿಯನಗರ, ಜ್ಯೋತಿನಗರಗಳ ಹೆಸರಿನಲ್ಲಿ ಅವರ ದೇವರು ಉಳಿದಿದೆ, ಊರು ಉಳಿದಿಲ್ಲ.

ನೆಲೆ ತಪ್ಪಿದವರಲ್ಲಿ ಆನೆಗಳೂ ಇವೆ. ಹಿನ್ನೀರು ಹಳೆಯ ದಾರಿ ಮುಚ್ಚಿತು, ಕಾಡು ತುಂಡಾಯಿತು ಎಂದು ಆಲೂರಿನ ರೈತರು ಹೇಳುತ್ತಾರೆ. ಹಗಲು ತೋಟದ ನೆರಳಲ್ಲಿ ಮಲಗಿ, ಕತ್ತಲಾದ ಮೇಲೆ ಗದ್ದೆಗೆ ಇಳಿಯುವ ಹಿಂಡುಗಳು ಇಲ್ಲಿನ ದಿನಚರಿಯ ಭಾಗವಾಗಿಬಿಟ್ಟಿವೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ವಿಜ್ಞಾನಿ ರಾಮನ್ ಸುಕುಮಾರ್ ಮುಂದಾಳತ್ವದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ ಆಲೂರಿನ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಸ್ವಲ್ಪ ಕಾಲ ನೆಮ್ಮದಿ. ಆಮೇಲೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಈಗ ಹಿಂಡಿನ ಹೆಣ್ಣಾನೆಗೆ ರೇಡಿಯೊ ಕಾಲರ್ ತೊಡಿಸಿ, ಅದು ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಬೆಳಿಗ್ಗೆ ಆ ಸಂದೇಶ ನೋಡಿಯೇ ಮಗುವನ್ನು ಶಾಲೆಗೆ, ಆಳುಗಳನ್ನು ತೋಟಕ್ಕೆ ಕಳಿಸುವುದು. ತೋಟದ ಕೆಲಸಕ್ಕೆ ಹೋಗಿ ಮನೆಗೆ ಮರಳದವರ ಹೆಸರು ಆಲೂರು, ಸಕಲೇಶಪುರ ತಾಲ್ಲೂಕುಗಳ ಊರೂರಿಗೆ ಗೊತ್ತು.

ಸಕಲೇಶಪುರ ಪಟ್ಟಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಹೆದ್ದಾರಿ 75ರಲ್ಲಿ ಹೋದವರೆಲ್ಲ ನೋಡಿದ್ದಾರೆ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರು. ಟಿಪ್ಪು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಮಂಜರಾಬಾದ್ ಕೋಟೆ ಹತ್ತಿರದಲ್ಲೇ ಇದೆ. ಕಾಫಿ, ಮೆಣಸು, ಏಲಕ್ಕಿಯ ವ್ಯಾಪಾರ, ಪ್ಲಾಂಟರೊಬ್ಬನ ಹೆಸರು ಹೊತ್ತ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ, ಮಂಗಳೂರಿನ ರೈಲು. ಇಲ್ಲಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಗುಡ್ಡ ಜಾರಿದರೆ ಹಳಿಯೂ ನಿಲ್ಲುತ್ತದೆ, ಘಾಟಿಯೂ ನಿಲ್ಲುತ್ತದೆ. 2018ರಲ್ಲಿ ಹಾಗಾಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಯ ಮೇಲೆಯೇ ಮಣ್ಣು ಕುಸಿದು ಮತ್ತೆ ಹಾಗಾಯಿತು. ಮಂಗಳೂರಿನ ಆಸ್ಪತ್ರೆ ಹತ್ತಿರವಿದೆ ಎಂದು ನಂಬಿ ಮನೆ ಮಾಡುವವರು ಇದನ್ನು ನೆನಪಿಡಬೇಕು.

ಇಲ್ಲಿಂದ ಬಿಸಿಲಿನ ಕಡೆಗೆ ನೀರೂ ವಲಸೆ ಹೊರಟಿದೆ. ಸಕಲೇಶಪುರದ ಎತ್ತಿನಹೊಳೆ ಮತ್ತು ಸುತ್ತಲಿನ ಹಳ್ಳಗಳಿಂದ ವರ್ಷಕ್ಕೆ 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಗುಡ್ಡ ಕಡಿದು ಪೈಪು ಹೂತ ಊರುಗಳಲ್ಲಿ ಮನೆ ಬಿರುಕು ಬಿಟ್ಟವರ ಸಂಕಟವೂ ಸುಳ್ಳಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದೆ ಈ ತಾಲ್ಲೂಕಿನ ಪರಿಚಯ ಮುಗಿಯುವುದಿಲ್ಲ.

ಇಷ್ಟೆಲ್ಲ ಓದಿಯೂ ಬರುವ ಮನಸ್ಸಿದ್ದರೆ ಬನ್ನಿ. ಜನ ಒಳ್ಳೆಯವರು, ಅಕ್ಕಿರೊಟ್ಟಿ, ಕಡುಬು, ಮಳೆಗಾಲದ ಕಳಲೆ, ಕೆಸುವಿನೆಲೆಯ ಪತ್ರೊಡೆ ಕೊಟ್ಟು ಕಳಿಸುತ್ತಾರೆ. ಜಾಗ ನೋಡಲು ಮಾತ್ರ ಜನವರಿಯಲ್ಲಿ ಬರಬೇಡಿ. ಜನವರಿಯಲ್ಲಿ ಇಲ್ಲಿ ಎಲ್ಲ ಜಾಗವೂ ಚೆಂದ. ಆರಿದ್ರಾ ಮಳೆ ಹಿಡಿದಾಗ ಬಂದು ನಾಲ್ಕು ದಿನ ಇರಿ. ಕರೆಂಟು ಹೋದ ರಾತ್ರಿಯಲ್ಲಿ ಒಲೆಗೆ ಒಣ ಸೌದೆ ಯಾರ ಮನೆಯಲ್ಲಿದೆ ನೋಡಿ. ಅವರು ಅದನ್ನು ಏಪ್ರಿಲ್‌ನಲ್ಲೇ ಕೊಟ್ಟಿಗೆಯೊಳಗೆ ಒಟ್ಟಿರುತ್ತಾರೆ. ಬೀರುವಿನಲ್ಲಿಟ್ಟ ಬಟ್ಟೆಗೆ ಎಷ್ಟು ದಿನಕ್ಕೆ ಬೂಸ್ಟು ಬರುತ್ತದೆ, ಮೂಡಣ ಬಾಗಿಲಿಗೆ ಎಷ್ಟು ಹೊತ್ತು ಬೆಳಕು ಬರುತ್ತದೆ, ಕೇಳಿಕೊಳ್ಳಿ. ಚಹಾದಂಗಡಿಯಲ್ಲಿ ಆನೆ ಯಾವ ಗದ್ದೆಯಿಂದ ಯಾವ ತೋಟಕ್ಕೆ ಹೋಗುತ್ತದೆ ಎಂದು ವಿಚಾರಿಸಿ. ಆ ದಾರಿಗೆ ಬೇಲಿ ಹಾಕಬೇಡಿ.

ಮತ್ತೆ ಮೇ ತಿಂಗಳಲ್ಲಿ ಒಮ್ಮೆ ಬನ್ನಿ. ಆಗ ಹಿನ್ನೀರು ತಳಕ್ಕೆ ಇಳಿದಿರುತ್ತದೆ. ನೀವು ಜಗಲಿಯಿಂದ ನೋಡಬೇಕೆಂದಿದ್ದ ನೀರಿನ ಜಾಗದಲ್ಲಿ ಬಿರಿದ ಮಣ್ಣು, ಒಣಗಿದ ಮರದ ಬೊಡ್ಡೆ. ಶೆಟ್ಟಿಹಳ್ಳಿಯಲ್ಲಿ ಚರ್ಚಿನ ಒಳಗೆ ನಡೆದುಕೊಂಡೇ ಹೋಗಬಹುದು. ಹತ್ತಿರದಲ್ಲಿ ದನ ಮೇಯಿಸುವವರು ಯಾರಾದರೂ ಸಿಕ್ಕರೆ ಕೇಳಿ, ಊರು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಕೈ ತೋರಿಸಿ ಹೇಳುತ್ತಾರೆ.