ಬಸವನಗುಡಿಯ ಕಡಲೆಕಾಯಿ ಪರಿಷೆ: ಬೆಳೆಯ ಕಾಲ, ಕಥೆಯ ಕಾಲ

ಶ್ರಾವಣದ ಅಮಾವಾಸ್ಯೆಯಂದು ವಿದರ್ಭದಲ್ಲೆಲ್ಲ ಪೋಳಾ ಹಬ್ಬ. ಅದರ ಮರುದಿನ ನಮ್ಮ ಮಹಾಲಿನ ಓಣಿಗಳಲ್ಲಿ ತಾನ್ಹಾ ಪೋಳಾ. ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿ ಮನೆಯಿಂದ ಮನೆಗೆ ಎಳೆದೊಯ್ಯುತ್ತಾರೆ. ಬೆಂಗಳೂರಿನ ಕಡೆಯಿಂದ ಬಂದು ಇಲ್ಲಿ ನೆಲಸಿದವರಿಗೆ ಆಗ ಬಸವನಗುಡಿಯ ಕಡಲೆಕಾಯಿ ಪರಿಷೆಯು ನೆನಪಾಗುವುದು ಸಹಜ. ಆದರೆ ಇವೆರಡಕ್ಕೂ ಒಂದು ಭೇದವುಂಟು. ಪೋಳಾದಲ್ಲಿ ಪೂಜೆಗೊಳ್ಳುವುದು ಹೊಲದಲ್ಲಿ ದುಡಿದ ಎತ್ತು. ಪರಿಷೆಯಲ್ಲಿ ಪೂಜೆಗೊಳ್ಳುವುದು ಹೊಲವನ್ನು ಮೇದುಹಾಕಿದ ಬಸವ.

ಐತಿಹ್ಯವು ವಾಚಕರಿಗೆ ತಿಳಿದುದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಬೆಳೆದ ಕಡಲೆಕಾಯನ್ನು ರಾತ್ರಿಯ ವೇಳೆ ಒಂದು ಬಸವವು ಬಂದು ತಿನ್ನುತ್ತಿದ್ದಿತು. ಕಾದು ಕುಳಿತ ರೈತರು ಅದನ್ನು ಅಟ್ಟಿಸಿಕೊಂಡು ಹೋಗಲು, ಅದು ಗುಡ್ಡದ ಮೇಲೆ ಕಲ್ಲಾಯಿತು. ಹೊಡೆದವರು ತಪ್ಪೊಪ್ಪಿಕೊಂಡು, ಮೊದಲ ಫಸಲನ್ನು ಅದಕ್ಕೇ ಒಪ್ಪಿಸುವೆವೆಂದು ಹರಕೆ ಹೊತ್ತರು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರೇ ಗುಡಿಯನ್ನೂ ಕಟ್ಟಿಸಿದರೆಂದು ಪ್ರತೀತಿ. ಇಂದಿಗೂ ಕಾರ್ತಿಕ ಮಾಸದ ಕಡೆಯ ಸೋಮವಾರ ಆ ಏಕಶಿಲೆಯ ಬಸವನಿಗೆ ಕಡಲೆಕಾಯಿಯ ಅಭಿಷೇಕ ನಡೆಯುತ್ತದೆ.

ಇಲ್ಲಿಯೇ ತೊಡಕು. ಕಡಲೆಕಾಯಿ ನಮ್ಮ ನೆಲದ ಸಸ್ಯವಲ್ಲ. ಅದರ ತವರು ದಕ್ಷಿಣ ಅಮೇರಿಕ. ಪೋರ್ತುಗೀಜರು ಬ್ರೆಜಿಲ್ಲಿನ ದಡವನ್ನು ಮುಟ್ಟಿದ್ದೇ 1500ರಲ್ಲಿ. ಅಲ್ಲಿಂದ ಮೂವತ್ತೇಳು ವರ್ಷಗಳೊಳಗಾಗಿ ಅದು ಒಳನಾಡಿನ ಗುಡ್ಡಗಳಲ್ಲಿ ಹೊಲತುಂಬ ಬೆಳೆಯುವ ಪೈರಾಗಿದ್ದಿತೆಂದು ನಂಬುವುದು ಕಷ್ಟ. ದಕ್ಷಿಣ ಭಾರತದಲ್ಲಿ ಅದರ ಬೇಸಾಯವು ಹಬ್ಬಿದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ, ಪುದುಚೇರಿಯಿಂದ ಫ್ರಾನ್ಸಿನ ಮಾರ್ಸೇಲ್ಸಿನ ಎಣ್ಣೆಗಾಣಗಳಿಗೆ ಅದು ಹಡಗೇರತೊಡಗಿದ ಮೇಲೆ.

ಭಾಷೆಗಳೂ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. ಹೊಸದಾಗಿ ಬಂದ ಕಾಯಿಗೆ ಜನರು ಹಳೆಯ ಕಾಳಿನ ಹೆಸರನ್ನು ಎರವಲು ಕೊಟ್ಟರು. ಕನ್ನಡದ ನೆಲಗಡಲೆ, ತೆಲುಗಿನ ವೇರುಶನಗ, ತಮಿಳಿನ ನಿಲಕ್ಕಡಲೈ ಎಲ್ಲವೂ ಕಡಲೆಯನ್ನು ನೆಚ್ಚಿಕೊಂಡವು. ಮರಾಠಿಯ ಭುಯಿಮೂಗ ಎಂದರೆ ನೆಲದ ಹೆಸರುಕಾಳು. ತಮಿಳರಲ್ಲಿ ಮಣಿಲಾಕ್ಕೊಟ್ಟೈ ಎಂಬ ಇನ್ನೊಂದು ಮಾತುಂಟು: ಮನಿಲಾದ ಬೀಜ! 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೋಗೂ ಮನಿಲಾಗೂ ನಡುವೆ ಓಡಾಡಿದ ಸ್ಪೇನಿನ ಹಡಗುಗಳ ನೆನಪು ನಮ್ಮ ನೆರೆಯವರ ಅಡುಗೆಮನೆಯಲ್ಲಿ ಉಳಿದಿದೆ.

ಆ ಫಿಲಿಪ್ಪೀನ್ಸಿನ ಲುಕ್ಬಾನ್ ಪಟ್ಟಣದಲ್ಲಿಯೂ ಇಂತಹುದೇ ಒಂದು ಉತ್ಸವವಿದೆ. ಪ್ರತಿ ವರ್ಷ ಮೇ 15ರಂದು ರೈತರ ಸಂತನಾದ ಸಾನ್ ಇಸಿದ್ರೋನ ಹೆಸರಿನಲ್ಲಿ ಮನೆಗಳ ಮುಂಭಾಗವನ್ನು ಭತ್ತದ ತೆನೆ, ತರಕಾರಿ, ಅಕ್ಕಿಹಿಟ್ಟಿನಿಂದ ಎಲೆಯಾಕಾರದಲ್ಲಿ ಮಾಡಿದ ಬಣ್ಣದ ಹಪ್ಪಳಗಳಿಂದ ಅಲಂಕರಿಸುತ್ತಾರೆ. ಅಲ್ಲಿ ಬೆಳೆ ಹಳೆಯದು, ಸಂತನು ಸ್ಪೇನಿನಿಂದ ಬಂದವನು. ನಮ್ಮಲ್ಲಿ ದೇವರು ಹಳೆಯವನು, ಬೆಳೆಯೇ ಹಡಗಿನಲ್ಲಿ ಬಂದದ್ದು.

ಹಾಗಾದರೆ ಐತಿಹ್ಯವು ಸುಳ್ಳೆ? ಅಷ್ಟು ಅವಸರದ ತೀರ್ಪು ಸಲ್ಲದು. ಮೊದಲ ಫಸಲನ್ನು ದೇವರಿಗೆ ಒಪ್ಪಿಸುವ ಪದ್ಧತಿಯು ಯಾವ ಒಂದು ಬೆಳೆಗೂ ಕಟ್ಟುಬಿದ್ದುದಲ್ಲ. ಕಥೆಯು ತನ್ನ ಪೈರನ್ನು ನಡುವೆ ಬದಲಿಸಿಕೊಂಡಿತೆಂದೇ ನನ್ನ ಅಭಿಪ್ರಾಯ. ಬದಲಾವಣೆಯೂ ಅರ್ಥಹೀನವಾಗಿಲ್ಲ. ಹೂವು ಮೇಲೆ ಬಿಟ್ಟು ಕಾಯಿ ಮಣ್ಣಿನೊಳಗೆ ಕಟ್ಟುವ ಈ ಗಿಡದ ಸೊಪ್ಪು ದನಗಳಿಗೆ ಬಲು ಇಷ್ಟವಾದ ಮೇವು. ಬಸವನು ಮೇಯಲು ಬಂದನೆಂದರೆ ಯಾವ ರೈತನೂ ನಂಬುತ್ತಾನೆ. ಮುಂಗಾರಿನಲ್ಲಿ ಬಿತ್ತಿದ ಕಾಯನ್ನು ಕೀಳುವ ಕಾಲವೂ ಕಾರ್ತಿಕದ ಆಸುಪಾಸಿನದೇ. ಬ್ಯಾಂಕಿನವನಾದ ನನಗೆ ಅದು ಬೆಳೆಸಾಲದ ಲೆಕ್ಕಕ್ಕೆ ಮೊದಲ ಜಮೆ ಬೀಳುವ ಕಾಲವೂ ಹೌದು. ಸಾಲಗಾರನಿಗಿಂತ ಮುಂಚೆ ಬಸವನಿಗೆ ಸಂದಾಯವಾಗುತ್ತಿದ್ದರೆ ನನ್ನ ಆಕ್ಷೇಪಣೆಯಿಲ್ಲ.

ನಿಜವಾದ ಚಿಂತೆ ಬೇರೆಯದು. ಕಥೆಯ ಹಳ್ಳಿಗಳು ಈಗ ಬಡಾವಣೆಗಳ ಹೆಸರುಗಳು. ಬಸವನ ಪಾದದಡಿಯಲ್ಲಿ ಹುಟ್ಟುವಳೆಂದು ಹೇಳುವ ವೃಷಭಾವತಿಯು ನಗರದ ಕೊಳಚೆಯನ್ನು ಹೊರುತ್ತಿದ್ದಾಳೆ. ಹರಕೆ ಹೊತ್ತವರ ಹೊಲದಲ್ಲಿ ಒಂದು ಗಿಡವೂ ಇಲ್ಲ. ಕಾಯಿ ಬರುವುದು ಚಿಂತಾಮಣಿ, ಕೋಲಾರ, ಮಾಗಡಿಗಳಿಂದ, ತಮಿಳುನಾಡು ಆಂಧ್ರಗಳಿಂದಲೂ. ಹರಕೆಯನ್ನು ತೀರಿಸುತ್ತಿರುವವರು ಅದನ್ನು ಹೊತ್ತವರಲ್ಲ. ಆದರೂ ಪರಿಷೆ ಕುಗ್ಗಿಲ್ಲ. ಒಂದು ದಿನದ್ದು ಹಲವು ದಿನಗಳಿಗೆ ಹಿಗ್ಗಿದೆ. ಹಸಿಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿಗಳ ರಾಶಿಯಿಂದ ಸೇರಿನಲ್ಲಿ ಅಳೆದು ಕೊಡುವವರು ರಸ್ತೆಯ ಎರಡೂ ಬದಿಗೆ ಕುಳಿತಿರುತ್ತಾರೆ. ಕೊಂಡವರಲ್ಲಿ ಹಲವರು ಒಂದು ಹಿಡಿಯನ್ನು ಗುಡಿಗೆ ಒಪ್ಪಿಸಿ, ಮಿಕ್ಕುದನ್ನು ಸುಲಿಯುತ್ತ ಮನೆಗೆ ನಡೆಯುತ್ತಾರೆ.