ಸ್ವಿಚ್ ಆಫ್ ಮಾಡಿದ್ರೂ ಹೋಲ್ಡರ್‌ನಲ್ಲಿ ಕರೆಂಟ್ ಇದೆಯಾ? ಮಳೆಗೂ ಮುಂಚೆ ವೈರಿಂಗ್, ಅರ್ಥಿಂಗ್ ನೋಡ್ಕೊಳ್ಳಿ

ಮುಂಗಾರು ಹತ್ತಿರ ಬಂತಂದ್ರೆ ಬೀಜ, ಗೊಬ್ಬರದ ಚಿಂತೆ ಶುರುವಾಗುತ್ತೆ. ಅದರ ಜೊತೆಗೆ ಒಂದು ದಿನ ಮನೆ ಮತ್ತು ಕೊಟ್ಟಿಗೆಯ ಸ್ವಿಚ್ ಬೋರ್ಡಿಗೂ ಕೊಡ್ರಿ. ಗೋಡೆ ಹಸಿಯಾದ ಮೇಲೆ ಸ್ವಿಚ್ ಮುಟ್ಟಿದ್ರೆ ಕೈ ಜುಂ ಅನ್ನೋದು, ದನ ಕಟ್ಟುವ ಕಬ್ಬಿಣದ ಕಂಬ ಷಾಕ್ ಹೊಡೆಯೋದು ನಮ್ಮ ಧಾರವಾಡ, ಕಲಘಟಗಿ, ಕುಂದಗೋಳ ಕಡೆ ಹೊಸದಲ್ಲ. ಮೀಟರ್‌ವರೆಗಿನ ಲೈನ್ ಹೆಸ್ಕಾಂನದು, ಮೀಟರ್ ದಾಟಿದ ಮೇಲಿನ ವೈರಿಂಗ್ ಜವಾಬ್ದಾರಿ ನಮ್ಮದೇ.

ಒಂದು ಬಲ್ಬಿಗೆ ಅಂತ ಸಂಪರ್ಕ ತಗೊಂಡ ಹಳೇ ಮನೆಗಳಲ್ಲಿ ಈಗ ಟಿವಿ, ಮಿಕ್ಸರ್, ಫ್ರಿಜ್ ಎಲ್ಲಾ ಬಂದಿವೆ. ವೈರ್ ಮಾತ್ರ ಅಂದಿನದೇ. ಅರ್ಥ್ ವೈರ್ ಅಂತೂ ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ.

ಸ್ವಿಚ್ ಯಾವಾಗ್ಲೂ ಫೇಸ್ ಮೇಲೆ ಇರಬೇಕು

ಸ್ವಿಚ್ಚನ್ನ ನ್ಯೂಟ್ರಲ್ ಮೇಲೆ ಹಾಕಿದ್ರೂ ಬಲ್ಬ್ ಹತ್ತುತ್ತೆ, ಆರುತ್ತೆ. ಹಂಗಾಗಿ ತಪ್ಪು ಗೊತ್ತಾಗೋದಿಲ್ಲ. ಆದ್ರೆ ಆಫ್ ಮಾಡಿದಾಗಲೂ ಹೋಲ್ಡರ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತೆ. ಬಲ್ಬ್ ಬದಲಿಸೋವಾಗ ಬೆರಳು ತಾಗಿದ್ರೆ ಮುಗೀತು. ಆಫ್ ಮಾಡಿದ ಎಲ್‌ಇಡಿ ಬಲ್ಬ್ ರಾತ್ರಿ ಮಂದವಾಗಿ ಮಿಣುಕ್ತಾ ಇದ್ರೆ ಮೊದಲು ಇದನ್ನೇ ಸಂಶಯ ಪಡ್ರಿ. ಬೇರೆ ಕಾರಣಾನೂ ಇರಬಹುದು, ಆದ್ರೆ ಪರೀಕ್ಷೆ ಮಾಡಿಸದೆ ಬಿಡಬ್ಯಾಡ್ರಿ.

ವೈರ್ ಬಣ್ಣ ನೆನಪಿಡಿ: ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ. ನ್ಯೂಟ್ರಲ್‌ಗೆ ಕಪ್ಪು. ಅರ್ಥ್‌ಗೆ ಹಸಿರು ಇಲ್ಲವೇ ಹಸಿರು-ಹಳದಿ. ಲೈಟಿಗೆ 1.5 ಚದರ ಮಿಮೀ ತಾಮ್ರದ ವೈರ್, 6 ಆಂಪ್ ಎಂಸಿಬಿ ಸಾಕು. ಐಎಸ್‌ಐ ಗುರುತು ಇರೋದನ್ನೇ ತಗೊಳ್ರಿ. ಪ್ಲಾಸ್ಟಿಕ್ ಸ್ವಿಚ್‌ಗೆ ಅರ್ಥ್ ಬೇಡ, ಆದ್ರೆ ಅದನ್ನ ಕೂರಿಸಿರೋ ಕಬ್ಬಿಣದ ಡಬ್ಬಿ, ಟ್ಯೂಬ್‌ಲೈಟ್‌ನ ತಗಡಿನ ಪಟ್ಟಿ, ಫ್ಯಾನ್, ಮೂರು ಪಿನ್ ಸಾಕೆಟ್, ಇವಕ್ಕೆಲ್ಲಾ ಬೇಕೇ ಬೇಕು.

ಎರಿ ಭೂಮಿಯ ಅರ್ಥಿಂಗ್ ಬ್ಯಾಸಿಗ್ಯಾಗ ಕೈ ಕೊಡ್ತೈತಿ

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣು ಹಸಿ ಇದ್ದಾಗ ಕರೆಂಟನ್ನ ಚೆನ್ನಾಗಿ ಒಯ್ಯುತ್ತೆ. ಆದ್ರೆ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಮಣ್ಣು ಪೈಪಿನಿಂದ ದೂರ ಸರಿಯುತ್ತೆ. ಅರ್ಥಿಂಗ್ ಇದ್ದೂ ಇಲ್ಲದಂಗೆ. ಧಾರವಾಡದ ಪಶ್ಚಿಮಕ್ಕೆ ಇರೋ ಕೆಂಪು, ಮುರ್ರಮ್ಮಿನ ನೆಲದಲ್ಲಿ ಪ್ರತಿರೋಧವೇ ಜಾಸ್ತಿ.

ಹಂಗಾಗಿ ಮೊಳಕಾಲುದ್ದ ಸಲಾಕಿ ಬಡಿದ್ರೆ ಅದು ಅರ್ಥಿಂಗ್ ಅಲ್ಲ. ಕನಿಷ್ಠ 2.5 ಮೀಟರ್ ಉದ್ದದ ಜಿಐ ಪೈಪ್, ಗೋಡೆಯಿಂದ 1.5 ಮೀಟರ್ ದೂರ, ಸುತ್ತ ಇದ್ದಿಲು ಮತ್ತು ಉಪ್ಪು. ಮೇಲೆ ಕೊಳವೆ ಬಿಟ್ಟು ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕ್ರಿ. ಉಪ್ಪು ಪೈಪನ್ನ ತಿನ್ನುತ್ತೆ, ಅದಕ್ಕೇ ಕ್ಲಾಂಪ್ ಜೋಡಣೆ ತುಕ್ಕು ಹಿಡಿದಿದೆಯಾ ಅಂತ ವರ್ಷಕ್ಕೊಮ್ಮೆ ನೋಡಿಸಿ. ಮನೆಗೆ 5 ಓಮ್ ಒಳಗೆ ಬಂದ್ರೆ ಒಳ್ಳೇದು. ಅದನ್ನ ಅರ್ಥ್ ಟೆಸ್ಟರ್‌ನಿಂದಲೇ ಅಳೆಯಬೇಕು, ಸ್ಕ್ರೂಡ್ರೈವರ್ ಟೆಸ್ಟರ್‌ನಿಂದ ಆಗೋದಿಲ್ಲ.

ಎಂಸಿಬಿ ಒಂದೇ ಸಾಕಾಗೋದಿಲ್ಲ

ಗುಂಡಿಯ ಪ್ರತಿರೋಧ 20 ಓಮ್ ಅಂತ ಇಟ್ಕೊಳ್ಳಿ. ಫ್ರಿಜ್ ಮೈಗೆ ಫೇಸ್ ತಾಗಿತು. 230 ಅನ್ನು 20ರಿಂದ ಭಾಗಿಸಿದ್ರೆ ಹರಿಯೋದು 11.5 ಆಂಪ್. 16 ಆಂಪ್ ಎಂಸಿಬಿ ಬೀಳೋದೇ ಇಲ್ಲ, ಫ್ರಿಜ್ ಮೈಯಲ್ಲಿ ಕರೆಂಟ್ ಹಂಗೇ ನಿಂತಿರುತ್ತೆ. ಅದೇ 30 ಮಿಲಿಆಂಪ್ ಆರ್‌ಸಿಸಿಬಿ ಇದ್ರೆ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿಯುತ್ತೆ. ಮನೆಗೂ ಕೊಟ್ಟಿಗೆಗೂ ಹಾಕಿಸ್ರಿ. ಎಮ್ಮೆ, ಆಕಳಿಗೆ ನಮಗಿಂತ ಕಡಿಮೆ ವೋಲ್ಟ್ ಸಾಕು ಅಪಾಯಕ್ಕೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಆ ಬಟನ್ ಸ್ವಿಚ್ಚನ್ನ ಮಾತ್ರ ಪರೀಕ್ಷಿಸುತ್ತೆ, ಅರ್ಥಿಂಗನ್ನ ಅಲ್ಲ.

"ಅರ್ಥ್ ಇಲ್ಲಾಂದ್ರ ನ್ಯೂಟ್ರಲ್‌ಗೆ ಲೂಪ್ ಕೊಡೋಣು" ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬ್ಯಾಡ್ರಿ. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಮನೆಯ ಎಲ್ಲಾ ಲೋಹದ ಸಾಮಾನಿಗೂ ಕರೆಂಟ್ ಬರುತ್ತೆ.

ನೀವು ಮಾಡೋದು, ವೈರಮನ್ ಮಾಡೋದು

ಕರೆಂಟ್ ಇರುವಾಗ ಬೋರ್ಡ್ ಬಿಚ್ಚಬೇಡಿ. ಸುಟ್ಟ ವಾಸನೆ, ಬಿಸಿಯಾದ ಸ್ವಿಚ್, ನೀರಿಳಿದ ಗೋಡೆ, ಟೇಪ್ ಸುತ್ತಿದ ಜಾಯಿಂಟ್, ಇವುಗಳ ಫೋಟೋ ಹೊರಗಿನಿಂದಲೇ ಮೊಬೈಲ್‌ನಲ್ಲಿ ತೆಗೆದು ಪಟ್ಟಿ ಮಾಡಿ, ಲೈಸೆನ್ಸ್ ಇರೋ ವೈರಮನ್‌ಗೆ ತೋರಿಸಿ. ಕೆಲಸ ಮುಗಿದ ಮೇಲೆ ಮೂರು ಪ್ರಶ್ನೆ ಕೇಳ್ರಿ: ಎಲ್ಲಾ ಸ್ವಿಚ್ ಫೇಸ್ ಮೇಲಿವೆಯಾ? ಅರ್ಥ್ ಎಷ್ಟು ಓಮ್ ಬಂತು? ಆರ್‌ಸಿಸಿಬಿ ಬೀಳುತ್ತಾ?

ಯಾರಿಗಾದ್ರೂ ಷಾಕ್ ಹೊಡೆದ್ರೆ ಓಡಿ ಹೋಗಿ ಹಿಡಿಯಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ರೆ ಒಣ ಕಟ್ಟಿಗೆಯಿಂದ ಬಿಡಿಸಿ 108ಕ್ಕೆ ಫೋನ್ ಮಾಡಿ. ಲೈನ್ ತುಂಡಾಗಿ ಬಿದ್ದಿದ್ರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಈ ಎರಡು ನಂಬರ್ ಮನೆಯವರೆಲ್ಲರ ಫೋನಿನಲ್ಲೂ ಇವತ್ತೇ ಸೇವ್ ಮಾಡಿ.