ಆಫ್ರಿಕದ ಹಸುರು ಸೂರಕ್ಕಿ

ಹೂವಿನಿಂದ ಹೂವಿಗೆ ಹಾರಿ ಮಕರಂದವನ್ನು ಹೀರುವ ಸೂರಕ್ಕಿಗಳನ್ನು ನಮ್ಮ ನಗರದ ಉದ್ಯಾನಗಳಲ್ಲಿಯೂ ಕಾಣುತ್ತೇವೆ. ಇವುಗಳ ಬಂಧುಗಳು ಆಫ್ರಿಕ ಖಂಡದಲ್ಲಿ ಬಹಳವಾಗಿವೆ. ಅವುಗಳಲ್ಲಿ ಮ್ಯಾಲಕೈಟ್ ಸೂರಕ್ಕಿಯೂ ಒಂದು. ಮ್ಯಾಲಕೈಟ್ ಎಂಬುದು ತಾಮ್ರವುಳ್ಳ ಹಸುರು ಖನಿಜ. ಗಂಡು ಹಕ್ಕಿಯ ಮೈಬಣ್ಣವೇ ಈ ಹೆಸರಿಗೆ ಕಾರಣ. 1766ರಲ್ಲಿ ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸನು ಇದಕ್ಕೆ 'ಫಮೋಸ', ಅಂದರೆ 'ಪ್ರಸಿದ್ಧ', ಎಂಬ ಶಾಸ್ತ್ರೀಯ ನಾಮವನ್ನಿತ್ತನು. ದಕ್ಷಿಣ ಆಫ್ರಿಕದಿಂದ ಇಥಿಯೋಪಿಯದ ಎತ್ತರದ ನಾಡಿನವರೆಗೆ ಇದು ವಾಸಿಸುತ್ತದೆ.

ಇಷ್ಟು ಪ್ರಸಿದ್ಧವಾದ ಹಕ್ಕಿಯನ್ನು ಗುರುತಿಸುವುದು ಸುಲಭವೆಂದು ತೋರಬಹುದು. ಆದರೆ ಬಣ್ಣವೊಂದನ್ನೇ ನಂಬಿದರೆ ನಾವು ಮೋಸ ಹೋಗುವೆವು. ಆ ಹಸುರು ಹೊಳಪು ಬಣ್ಣ ಬಳಿದಂತೆ ಗರಿಯಲ್ಲಿ ಅಂಟಿಕೊಂಡಿರುವುದಲ್ಲ. ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವುದು. ಆದುದರಿಂದ ನೆರಳಿನಲ್ಲಿ ಅದೇ ಹಕ್ಕಿ ಕಪ್ಪಾಗಿ ಕಾಣುವುದು. ಸಂತಾನಕಾಲ ಕಳೆದ ಮೇಲೆ ಗಂಡು ತನ್ನ ಹಸುರು ಉಡುಪನ್ನು ಕಳಚಿ ಬಹುಮಟ್ಟಿಗೆ ಕಂದಾಗುವುದು. ನಮ್ಮ ದೇಶದ ನೇರಳೆ ಸೂರಕ್ಕಿಯ ಗಂಡೂ ಹೀಗೆಯೇ ಉಡುಪನ್ನು ಬದಲಿಸುವುದು. ಹೆಣ್ಣಾದರೋ ಸದಾ ಕಂದು. ಅದರ ಹೊಟ್ಟೆಯ ಕಡೆ ಮಾಸಲು ಹಳದಿ. ಬಣ್ಣವನ್ನೇ ನೆಚ್ಚಿದವನು ಒಂದು ಜಾತಿಯನ್ನು ಮೂರೆಂದು ಎಣಿಸಿಯಾನು!

ಹಾಗಾದರೆ ಏನನ್ನು ನೋಡಬೇಕು? ಮೊದಲು ಆಕಾರ. ಗಂಡು ಹೆಣ್ಣುಗಳೆರಡಕ್ಕೂ ಕೊಕ್ಕು ನೀಳವಾಗಿ ಕೆಳಕ್ಕೆ ಬಾಗಿದೆ. ಹೆಣ್ಣಿನ ಉದ್ದ ಸುಮಾರು 15 ಸೆಂಟಿಮೀಟರು. ಬಾಲದ ನಡುವೆ ಎರಡು ನೀಳ ಗರಿಗಳಿರುವುದರಿಂದ ಗಂಡಿನದು ಸುಮಾರು 25 ಸೆಂಟಿಮೀಟರು. ಎರಡನೆಯದು, ಗಂಡಿನ ಎದೆಯ ಪಕ್ಕದ ಗರಿಕುಚ್ಚು. ಇದರ ಕುಚ್ಚು ಹಳದಿ. ಕೆನ್ಯ ಪರ್ವತದ ಮೇಲ್ಭಾಗದಲ್ಲಿ ಇಂತಹುದೇ ಹಸುರು ಮೈಯ, ನೀಳ ಬಾಲದ ಇನ್ನೊಂದು ಸೂರಕ್ಕಿಯುಂಟು. ಅದರ ಕುಚ್ಚು ಕೆಂಪು.

ಮೂರನೆಯದು ನಡತೆ. ದಕ್ಷಿಣ ಆಫ್ರಿಕದ ಬಬಿಯಾನ ರಿಂಜೆನ್ಸ್ ಎಂಬ ಗಿಡದ ಕೆಂಪು ಹೂಗಳು ನೆಲದ ಸಮೀಪದಲ್ಲಿ ಅರಳುವುವು. ಅವುಗಳ ಮೇಲೆ ಹೂವಿಲ್ಲದ ಒಂದು ಕಡ್ಡಿ ನೆಟ್ಟಗೆ ನಿಂತಿರುವುದು. ಹಕ್ಕಿಯು ಆ ಕಡ್ಡಿಯನ್ನು ಹಿಡಿದು, ತಲೆ ಕೆಳಗಾಗಿ ಬಾಗಿ ಮಕರಂದವನ್ನು ಹೀರುವಾಗ ಪರಾಗವು ಅದರ ಎದೆಗೆ ಅಂಟಿ ಮತ್ತೊಂದು ಹೂವನ್ನು ಸೇರುವುದು. ಕಡ್ಡಿಯನ್ನು ಕತ್ತರಿಸಿದ ಗಿಡಗಳಲ್ಲಿ ಬೀಜ ಕಡಮೆಯಾಯಿತೆಂದು 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಗಿಡವೇ ಅತಿಥಿಗೆ ಮಣೆ ಹಾಕಿದಂತಾಯಿತಲ್ಲವೆ?

ವಿದ್ಯಾರ್ಥಿಗಳೇ, ಕಣ್ಣು ಕೋರೈಸುವ ಹೊಳಪನ್ನು ಕಂಡೊಡನೆ ಹೆಸರು ಹೇಳಲು ಆತುರಪಡಬಾರದು. ಆಕಾರವನ್ನೂ ನಡತೆಯನ್ನೂ ತಾಳ್ಮೆಯಿಂದ ನೋಡಿ ತಿಳಿಯೋಣ. ಶಾಲೆಯ ಅಂಗಳದ ದಾಸವಾಳಕ್ಕೆ ಸೂರಕ್ಕಿ ಬಂದರೆ ಅಲ್ಲಿಂದಲೇ ಈ ಅಭ್ಯಾಸವನ್ನು ಪ್ರಾರಂಭಿಸಬಹುದು.